ಡ್ರೋನ್ ಹೊಡೆಯೋ ಗಾಡಿ, ಗಾಡಿ ಹೊಡೆಯೋ ಡ್ರೋನ್



2025ರ ಸೆಪ್ಟೆಂಬರ್ 9ರ ರಾತ್ರಿ ಕಳೆದು 10 ಹುಟ್ಟೋ ಹೊತ್ತಿಗೆ ಪೋಲೆಂಡ್ ದೇಶದ ಆಕಾಶದೊಳಗೆ ಸುಮಾರು 20 ರಷ್ಯನ್ ಡ್ರೋನ್‌ಗಳು ನುಗ್ಗಿಬಿಟ್ಟವು. ಪೋಲೆಂಡ್ ಅಂದ್ರೆ ನೇಟೋ ಸದಸ್ಯ ರಾಷ್ಟ್ರ. ಎಫ್-16 ವಿಮಾನಗಳು ಎದ್ದವು. ನೆದರ್ಲೆಂಡ್ಸ್‌ನ ಎಫ್-35ಗಳು ಎದ್ದವು. ವಾರ್ಸಾ ವಿಮಾನ ನಿಲ್ದಾಣಕ್ಕೆ ಬೀಗ ಬಿತ್ತು. ಒಂದಷ್ಟು ಡ್ರೋನ್‌ಗಳನ್ನ ಹೊಡೆದು ಬೀಳಿಸಿದರು. ಉಳಿದವು ಇಂಧನ ಮುಗಿದು ಹೊಲದಲ್ಲಿ, ತೋಟದಲ್ಲಿ ತಾವಾಗಿಯೇ ಬಿದ್ದವು.

ಬೆಳಗಾಯ್ತು. ಪೊಲೀಸರು ಹೋಗಿ ಆ ಅವಶೇಷ ನೋಡಿದ್ರು. ಏನಿತ್ತು ಅಲ್ಲಿ? ಫೋಮು, ಪ್ಲೈವುಡ್ಡು, ಒಂದು ಸಣ್ಣ ಎಂಜಿನ್ನು. ಗೆರ್ಬೆರಾ ಅಂತ ಹೆಸರು. ಶತ್ರುವಿನ ಗುಂಡು ಖಾಲಿ ಮಾಡಿಸೋದಕ್ಕೆ ಅಂತಲೇ ರಷ್ಯಾ ಹಾರಿಸೋ ಹುಸಿ ಡ್ರೋನ್ ಅದು. ಟಿವಿ ಪೆಟ್ಟಿಗೆ ಒಳಗೆ ಒಡೀಬಾರದು ಅಂತ ಬಿಳೀ ತುಂಡು ಇಟ್ಟಿರ್ತಾರಲ್ಲ, ಆ ಜಾತಿಯ ಸರಕು. ಅದನ್ನ ಬೀಳಿಸೋಕೆ ಎದ್ದದ್ದು ಜಗತ್ತಿನ ಅತ್ಯಂತ ದುಬಾರಿ ಯುದ್ಧವಿಮಾನಗಳಲ್ಲಿ ಒಂದು!

ಇದನ್ನ ಕೇಳಿ ನಗಬೇಡಿ. ಯಾಕಂದ್ರೆ ಇದು ಪೋಲೆಂಡಿನ ಕಥೆ ಮಾತ್ರ ಅಲ್ಲ. 2025ರ ಮೇ ತಿಂಗಳಲ್ಲಿ ನಮ್ಮ ನೆತ್ತಿ ಮೇಲೂ ಇದೇ ಬಂದಿತ್ತು. ಹಾಗಾಗಿ ಇವತ್ತು ಒಂದೇ ಪ್ರಶ್ನೆ ಇಟ್ಟುಕೊಂಡು ಕೂತಿದ್ದೀನಿ. ಡ್ರೋನ್ ಹೊಡೆಯೋಕೆ ಅಂತ ಸೇನೆಗಳು ಓಡಾಡಿಸೋ ಗಾಡಿಗಳಿವೆಯಲ್ಲ, ರೇಡಾರು, ಗನ್ನು, ಕ್ಷಿಪಣಿ ಎಲ್ಲ ಹೊತ್ತುಕೊಂಡು ಅಲ್ಲಿಂದಿಲ್ಲಿಗೆ ಓಡಾಡೋ ವಾಯುರಕ್ಷಣಾ ವ್ಯವಸ್ಥೆ, ಅದು ನಿಜವಾದ ರಣರಂಗದಲ್ಲಿ ಕೆಲಸ ಮಾಡುತ್ತಾ? ಎಲ್ಲಿ ಮಾಡಿತು, ಎಲ್ಲಿ ಕೈಕೊಟ್ಟಿತು? ಜಾಹೀರಾತು ಬೇಡ, ನಡೆದದ್ದನ್ನ ನೋಡೋಣ.

ಮೊದಲು ಈ ಗಾಡಿ ಅಂದ್ರೇನು, ಅದು ಸರಳವಾಗಿ. ಎಸ್-400 ಬಗ್ಗೆ ನೀವೆಲ್ಲ ಕೇಳಿದ್ದೀರಿ. ಅದು ದೊಡ್ಡಣ್ಣ. ನೂರಾರು ಕಿಲೋಮೀಟರ್ ದೂರದ ವಿಮಾನ, ಕ್ಷಿಪಣಿ ಹೊಡೆಯೋದು ಅದರ ಕೆಲಸ. ಆದ್ರೆ ತೀರಾ ಕೆಳಗೆ, ತೆಂಗಿನಮರದ ಎತ್ತರದಲ್ಲಿ, ಸಣ್ಣ ವಸ್ತುವೊಂದು ನುಸುಳಿಕೊಂಡು ಬಂದ್ರೆ? ಅದನ್ನ ಹತ್ತಿರದಲ್ಲೇ ಹೊಡೆಯೋಕೆ ತಮ್ಮಂದಿರು ಬೇಕು. ರಷ್ಯಾದ ಪಾಂಟ್ಸಿರ್ ಅಂಥ ಒಬ್ಬ ತಮ್ಮ. ಒಂದು ಲಾರಿ ಮೇಲೆ 30 ಮಿಲಿಮೀಟರ್‌ನ ಗನ್ನುಗಳು, 12 ಕ್ಷಿಪಣಿ, ಅದರದ್ದೇ ರೇಡಾರು. ಗನ್ನು 4 ಕಿಲೋಮೀಟರ್‌ವರೆಗೆ, ಕ್ಷಿಪಣಿ ಸುಮಾರು 20 ಕಿಲೋಮೀಟರ್‌ವರೆಗೆ. ಕಾಗದದ ಮೇಲೆ ನೋಡಿದ್ರೆ ಇದರ ಮುಂದೆ ಡ್ರೋನ್ ಯಾವ ಲೆಕ್ಕ ಸ್ವಾಮಿ ಅನ್ನಿಸುತ್ತೆ.

ಕಾಗದ ಬಿಟ್ಟು ಲಿಬಿಯಾಕ್ಕೆ ಬನ್ನಿ. 2020. ಅಲ್ಲಿ ಜನರಲ್ ಹಫ್ತಾರ್ ಪಡೆಯ ಬೆನ್ನಿಗೆ ಯುಎಇ ಕೊಟ್ಟ ಪಾಂಟ್ಸಿರ್‌ಗಳಿದ್ದವು. ಎದುರಾಳಿ ಟ್ರಿಪೋಲಿ ಸರ್ಕಾರದ ಕೈಯಲ್ಲಿ ಟರ್ಕಿಯ ಬೈರಕ್ತಾರ್ ಟಿಬಿ-2 ಡ್ರೋನ್. ಏನಾಯ್ತು? ಒಂದಾದ ಮೇಲೊಂದು ಪಾಂಟ್ಸಿರ್ ಉರಿದುಹೋದ ವಿಡಿಯೋಗಳು ಬಂದವು. ಮೇ ತಿಂಗಳಲ್ಲಿ ಅಲ್-ವತಿಯಾ ವಾಯುನೆಲೆ ಕೈಬಿಟ್ಟಾಗ ಒಂದು ಪಾಂಟ್ಸಿರ್ ಇಡಿಯಾಗಿ ಎದುರಾಳಿಗೆ ಸಿಕ್ಕಿತು. ಅದೇ ವರ್ಷದ ಶುರುವಿನಲ್ಲಿ ಸಿರಿಯಾದ ಇದ್ಲಿಬ್‌ನಲ್ಲೂ ಇದೇ ಕಥೆ. ಡ್ರೋನ್ ಹೊಡೆಯಬೇಕಾದ ಗಾಡಿಯನ್ನೇ ಡ್ರೋನ್ ಹೊಡೆದು ಕೂತಿತ್ತು.

ಅದೇ ವರ್ಷ ಸೆಪ್ಟೆಂಬರ್ 27ಕ್ಕೆ ನಾಗೊರ್ನೊ-ಕರಾಬಾಖ್ ಯುದ್ಧ. ಅಜರ್‌ಬೈಜಾನ್ ಒಂದು ಕಡೆ, ಅರ್ಮೇನಿಯಾ ಒಂದು ಕಡೆ. 44 ದಿನ ನಡೀತು. ಅಜರ್‌ಬೈಜಾನಿನವರು ಮಾಡಿದ ಒಂದು ಉಪಾಯ ಕೇಳಿ. ಅವರ ಹತ್ರ ಎಎನ್-2 ಅನ್ನೋ ಓಬೀರಾಯನ ಕಾಲದ ವಿಮಾನಗಳಿದ್ದವು. ಎರಡು ಜೊತೆ ರೆಕ್ಕೆಯ, ಹಳೇ ಸಿನಿಮಾದಲ್ಲಿ ನೋಡ್ತೀವಲ್ಲ, ಅಂಥವು. ಅವನ್ನ ಪೈಲಟ್ ಇಲ್ಲದೆ ಹಾರೋ ಹಾಗೆ ಮಾಡಿ ಅರ್ಮೇನಿಯಾ ಕಡೆಗೆ ತಳ್ಳಿದರು. ಅರ್ಮೇನಿಯಾದವರು ಏನೋ ಬಂತು ಅಂತ ರೇಡಾರ್ ಹಾಕಿದರು, ಕ್ಷಿಪಣಿ ಬಿಟ್ಟರು. ರೇಡಾರ್ ಹಾಕಿದ ಕ್ಷಣವೇ ಅವರ ಗಾಡಿ ಎಲ್ಲಿದೆ ಅಂತ ಗೊತ್ತಾಗಿಹೋಯ್ತು. ಮೇಲೆ ಸುಮ್ಮನೆ ಕಾಯ್ತಾ ಇದ್ದ ಟಿಬಿ-2 ಮತ್ತು ಇಸ್ರೇಲಿನ ಹಾರೋಪ್ ಬಂದು ಎರಗಿದವು. ಓಸಾ, ಸ್ಟ್ರೆಲಾ-10 ಅನ್ನೋ ಓಡಾಡೋ ವ್ಯವಸ್ಥೆಗಳು ಸಾಲಾಗಿ ಹೋದವು.

ಕತ್ತಲಲ್ಲಿ ಕಳ್ಳನನ್ನ ಹುಡುಕೋಕೆ ನೀವು ಬ್ಯಾಟರಿ ಹಾಕಿದ್ರೆ ಏನಾಗುತ್ತೆ? ನಿಮಗೆ ಕಳ್ಳ ಕಾಣೋದಕ್ಕಿಂತ ಮೊದಲು ಕಳ್ಳನಿಗೆ ನೀವು ಕಾಣ್ತೀರಿ. ರೇಡಾರ್ ಕಥೆಯೂ ಅಷ್ಟೇ.

ಹಾಗಾದ್ರೆ ಈ ಗಾಡಿಗಳೆಲ್ಲ ದಂಡ, ಗುಜರಿಗೆ ಹಾಕಿ ಅಂತೀರಾ? 2020ರಲ್ಲಿ ಬಹಳ ಜನ ಹಾಗೇ ಅಂದರು. ಟ್ಯಾಂಕ್ ಕಾಲ ಮುಗೀತು, ಏರ್ ಡಿಫೆನ್ಸ್ ಕಾಲ ಮುಗೀತು, ಇನ್ನೇನಿದ್ರೂ ಡ್ರೋನ್ ಅಂತ ಟಿವಿಗಳಲ್ಲಿ ಕೂತು ಹೇಳಿದ್ದೇ ಹೇಳಿದ್ದು. ಆಮೇಲೆ ಬಂತು ಉಕ್ರೇನ್ ಯುದ್ಧ. 2022ರ ಫೆಬ್ರವರಿ. ಮೊದಲ ಕೆಲವು ವಾರ ಅದೇ ಬೈರಕ್ತಾರ್ ರಷ್ಯನ್ ಸೇನಾಸಾಲುಗಳ ಮೇಲೆ ಬೆಂಕಿ ಸುರೀತು. ಉಕ್ರೇನಿನವರು ಅದರ ಮೇಲೆ ಹಾಡು ಕಟ್ಟಿದರು! ಆದ್ರೆ ರಷ್ಯಾದವರು ತಮ್ಮ ವಾಯುರಕ್ಷಣೆಯನ್ನ ಸರಿಯಾಗಿ ಹರಡಿಕೊಂಡು ಕೂತರು ನೋಡಿ, ದೊಡ್ಡದರ ಕೆಳಗೆ ಮಧ್ಯಮ, ಮಧ್ಯಮದ ಕೆಳಗೆ ಚಿಕ್ಕದು, ಜೊತೆಗೆ ಸಿಗ್ನಲ್ ಕೆಡಿಸೋ ಜ್ಯಾಮರ್. ಬೈರಕ್ತಾರ್ ಮುಂಚೂಣಿಯ ಆಕಾಶದಿಂದ ಹೆಚ್ಚುಕಮ್ಮಿ ಮಾಯ ಆಗಿಹೋಯ್ತು.

ಗಾಡಿ ಅದೇ, ಡ್ರೋನ್ ಅದೇ. ಲಿಬಿಯಾದಲ್ಲಿ ಡ್ರೋನ್ ಗೆದ್ದಿತು, ಉಕ್ರೇನಿನಲ್ಲಿ ಗಾಡಿ ಗೆದ್ದಿತು. ಯಾಕೆ? ಲಿಬಿಯಾದಲ್ಲಿ ಪಾಂಟ್ಸಿರ್ ಒಂಟಿಯಾಗಿ ನಿಂತಿತ್ತು. ಅದಕ್ಕೆ ಮೊದಲೇ ಸುದ್ದಿ ಕೊಡೋ ದೊಡ್ಡ ರೇಡಾರ್ ಹಿಂದೆ ಇರಲಿಲ್ಲ, ಅದನ್ನ ಕಾಯೋ ಇನ್ನೊಂದು ಗಾಡಿ ಪಕ್ಕದಲ್ಲಿರಲಿಲ್ಲ. ಉಕ್ರೇನಿನಲ್ಲಿ ಅದು ಒಂದು ಜಾಲದ ಭಾಗ ಆಗಿತ್ತು. ಒಂಟಿ ಗಾಡಿ ಬೇಟೆ ಆಗುತ್ತೆ, ಜಾಲದಲ್ಲಿರೋ ಗಾಡಿ ಬೇಟೆಗಾರ ಆಗುತ್ತೆ. ಇವತ್ತಿನ ಮೊದಲ ಪಾಠ ಇದು. ಇದನ್ನ ನೆನಪಿಟ್ಟುಕೊಳ್ಳಿ, ಮುಂದೆ ನಮ್ಮ ದೇಶದ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಎರಡನೇ ಪಾಠ ದುಡ್ಡಿನದ್ದು. 2022ರ ಸೆಪ್ಟೆಂಬರ್‌ನಿಂದ ರಷ್ಯಾ ಇರಾನಿನ ಶಾಹೆದ್-136 ಡ್ರೋನ್ ಬಳಸೋಕೆ ಶುರುಮಾಡ್ತು. ಸುಮಾರು ಮೂರೂವರೆ ಮೀಟರ್ ಉದ್ದ, 200 ಕಿಲೋ ತೂಕ, 50 ಕಿಲೋದಷ್ಟು ಸಿಡಿತಲೆ, ಗಂಟೆಗೆ ಸುಮಾರು 180 ಕಿಲೋಮೀಟರ್ ವೇಗ. ಅಂದ್ರೆ ನಮ್ಮ ವಂದೇ ಭಾರತ್ ರೈಲಿನ ಗರಿಷ್ಠ ವೇಗದ ಆಸುಪಾಸು, ಅಷ್ಟೇ. ಶಬ್ದ ಹೇಗಪ್ಪಾ ಅಂದ್ರೆ ಹಳೇ ಮೊಪೆಡ್ ಥರ. ಅಲ್ಲಿನ ಜನ ಅದಕ್ಕೆ ಇಟ್ಟ ಅಡ್ಡಹೆಸರೂ ಮೊಪೆಡ್ಡೇ. ಒಂದರ ಬೆಲೆ 20 ಸಾವಿರದಿಂದ 50 ಸಾವಿರ ಡಾಲರ್ ಅಂತ ತಜ್ಞರ ಅಂದಾಜು. 2025ರ ವಿನಿಮಯ ದರದಲ್ಲಿ ನಮ್ಮ ಲೆಕ್ಕಕ್ಕೆ 18 ಲಕ್ಷದಿಂದ 44 ಲಕ್ಷ ರೂಪಾಯಿ. ಅದನ್ನ ಅಮೆರಿಕದ ಪೇಟ್ರಿಯಟ್ ಕ್ಷಿಪಣಿಯಿಂದ ಹೊಡೀರಿ ನೋಡೋಣ. ಒಂದು ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್, 35 ಕೋಟಿ ರೂಪಾಯಿ! ಡ್ರೋನ್ ಬಿದ್ದರೂ ಗೆದ್ದವನು ಡ್ರೋನ್ ಬಿಟ್ಟವನೇ. ಇಲಿ ಹಿಡಿಯೋಕೆ ಮನೆ ಮಾರಿದ ಹಾಗೆ.

ಆಗ ಉಕ್ರೇನಿಗೆ ಕೈಹಿಡಿದದ್ದು ಯಾವುದು ಗೊತ್ತಾ? ಜರ್ಮನಿಯವರು ಬಿಸಾಕಿದ್ದ ಒಂದು ಹಳೇ ಗಾಡಿ. ಹೆಸರು ಗೆಪಾರ್ಡ್. ಜರ್ಮನ್ ಭಾಷೆಯಲ್ಲಿ ಚೀತಾ ಅಂತ ಅರ್ಥ. ಲೆಪರ್ಡ್-1 ಟ್ಯಾಂಕಿನ ಮೈಮೇಲೆ ಎರಡು 35 ಮಿಲಿಮೀಟರ್ ಗನ್ನು, ಎರಡೂ ಸೇರಿ ನಿಮಿಷಕ್ಕೆ 1,100 ಗುಂಡು ಉಗುಳ್ತವೆ. 1970ರ ದಶಕದ ಸರಕು. ಇನ್ನು ಇದೆಲ್ಲ ಯಾಕೆ ಬೇಕು ಅಂತ ಜರ್ಮನ್ ಸೇನೆ 2010ರಲ್ಲಿ ಇದಕ್ಕೆ ನಿವೃತ್ತಿ ಕೊಟ್ಟಿತ್ತು. 2022ರ ಏಪ್ರಿಲ್‌ನಲ್ಲಿ ಇದನ್ನ ಉಕ್ರೇನಿಗೆ ಕೊಡ್ತೀವಿ ಅಂತ ಹೇಳಿದಾಗ ಬಹಳ ಜನ ಮೂಗು ಮುರಿದರು. ಆದ್ರೆ ಶಾಹೆದ್ ವಿರುದ್ಧ ಅತ್ಯಂತ ಹೆಚ್ಚು ಮೆಚ್ಚುಗೆ ಪಡೆದ ಆಯುಧಗಳಲ್ಲಿ ಒಂದಾಯ್ತು ಅದು. ನಿಧಾನವಾಗಿ, ನೇರವಾಗಿ ಬರೋ ಡ್ರೋನ್‌ಗೆ ಕ್ಷಿಪಣಿ ಬೇಕಿಲ್ಲ. ಒಳ್ಳೇ ರೇಡಾರ್, ಒಳ್ಳೇ ಗನ್ನು, ಒಂದು ಹಿಡಿ ಗುಂಡು ಸಾಕು.

ಗುಂಡು ಅಂದೆ. ಅಲ್ಲೇ ಇರೋದು ಪೇಚು. ಗೆಪಾರ್ಡ್ ಬಂತು, ಅದರ ಗುಂಡು ಸ್ವಿಟ್ಜರ್ಲೆಂಡಿನದ್ದು. ನಾವು ತಟಸ್ಥ ರಾಷ್ಟ್ರ, ನಮ್ಮ ಗುಂಡನ್ನ ಯುದ್ಧ ಮಾಡ್ತಿರೋ ದೇಶಕ್ಕೆ ದಾಟಿಸಬೇಡಿ ಅಂತ ಸ್ವಿಸ್ ಸರ್ಕಾರ ಅಡ್ಡ ನಿಂತಿತು. ಕಡೆಗೆ ಜರ್ಮನಿಯ ರೈನ್‌ಮೆಟಲ್ ಕಂಪನಿ 2023ರಲ್ಲಿ ತನ್ನ ನೆಲದಲ್ಲೇ ಗುಂಡು ಮಾಡೋಕೆ ಹೊಸದಾಗಿ ಸಾಲು ಹಾಕಿಕೊಂಡಿತು. 3 ಲಕ್ಷ ಗುಂಡಿನ ಗುತ್ತಿಗೆ. ಮೊದಲ ಕಂತು ಹೋಗಿದ್ದು ಆ ವರ್ಷದ ಸೆಪ್ಟೆಂಬರ್‌ನಲ್ಲಿ. ಗನ್ನು ನಿಮ್ಮ ಹತ್ರ ಇದ್ದು ಗುಂಡಿನ ಕೀಲಿಕೈ ಪಕ್ಕದ ಮನೆಯವನ ಸೊಂಟದಲ್ಲಿದ್ರೆ ಆ ಗನ್ನು ನಿಮ್ಮದಾ? ಈ ಪ್ರಶ್ನೆಯನ್ನ ದೆಹಲಿಯಲ್ಲಿ ಕೂತವರೂ ಬರೆದಿಟ್ಟುಕೊಳ್ಳಬೇಕು.

ಜರ್ಮನಿಯಿಂದ ಗೆಪಾರ್ಡ್ ಎಷ್ಟು ಬಂದವು? ಐವತ್ತು ಚಿಲ್ಲರೆ. ಉಕ್ರೇನ್ ಎಷ್ಟು ದೊಡ್ಡದು? ನಮ್ಮ ಕರ್ನಾಟಕದ ಮೂರು ಪಟ್ಟು. ಐವತ್ತು ಗಾಡಿ ಎಲ್ಲಿಗೆ ಸಾಕು? ಆಗ ಅವರು ಮಾಡಿದ್ದು ಅಪ್ಪಟ ರೈತರ ಬುದ್ಧಿ. ಪಿಕಪ್ ಗಾಡಿ ತಗೊಂಡರು. ಹಿಂದೆ ಮೆಷಿನ್ ಗನ್ ಕೂರಿಸಿದರು. ಒಂದು ದೊಡ್ಡ ಟಾರ್ಚು, ಒಂದು ಥರ್ಮಲ್ ಕ್ಯಾಮರಾ, ಕೈಯಲ್ಲಿ ಒಂದು ಟ್ಯಾಬ್. ಇದಕ್ಕೆ ಸಂಚಾರಿ ಗುಂಡಿನ ತಂಡ ಅಂತ ಕರೀತಾರೆ. ಡ್ರೋನ್ ಬರ್ತಿದೆ ಅಂತ ಇವರಿಗೆ ಹೇಳೋರು ಯಾರು? ದೇಶದ ಉದ್ದಗಲಕ್ಕೂ ಕಂಬಗಳ ಮೇಲೆ ಮೈಕು ಕಟ್ಟಿದರು. ಸಾವಿರಾರು ಮೈಕು. ಮೊಪೆಡ್ ಶಬ್ದ ಕೇಳಿಸಿದ್ರೆ ಸಾಕು, ಈ ಕಂಬದಿಂದ ಆ ಕಂಬಕ್ಕೆ ಶಬ್ದ ಸಾಗಿದ ಹಾಗೇ ಡ್ರೋನ್ ಯಾವ ದಿಕ್ಕಿಗೆ ಹೊರಟಿದೆ ಅಂತ ಟ್ಯಾಬ್‌ನಲ್ಲಿ ಗೆರೆ ಮೂಡುತ್ತೆ. ಪಿಕಪ್ ಅದರ ದಾರಿಗೆ ಹೋಗಿ ನಿಲ್ಲುತ್ತೆ.

ನಮ್ಮ ಕಡೆ ಜೋಳ ಹಾಲುಗಾಳಾದಾಗ ಹಕ್ಕಿ ಕಾಯೋದು ನೋಡಿದ್ದೀರಾ? ಹೊಲದ ನಡುವೆ ಅಟ್ಟಣಿಗೆ, ಮೇಲೆ ಒಬ್ಬ ಹುಡುಗ, ಕೈಯಲ್ಲಿ ಕವಣೆ. ಪಕ್ಕದ ಹೊಲದವನು ಕೂ ಅಂತ ಕೂಗಿದ ಅಂದ್ರೆ ಇವನಿಗೆ ಗೊತ್ತು, ಗಿಳಿ ಹಿಂಡು ಈ ಕಡೆಗೇ ಬರ್ತಿದೆ ಅಂತ. ಅವನ ಕಿವಿ, ಪಕ್ಕದವನ ಕೂಗು, ಜೇಬಲ್ಲಿರೋ ಪುಕ್ಕಟೆ ಕಲ್ಲು. ಇದೇ ವಾಯುರಕ್ಷಣೆ. ಉಕ್ರೇನಿನವರು ಮಾಡಿದ್ದು ಇದನ್ನೇ, ಟ್ಯಾಬ್ ಇಟ್ಟುಕೊಂಡು.

ಆದ್ರೆ ಹಕ್ಕಿ ಕಾದವರಿಗೆ ಇನ್ನೊಂದು ವಿಷಯ ಗೊತ್ತಿರುತ್ತೆ. ಹಕ್ಕಿಗಳೂ ಕಲೀತವೆ. ಕವಣೆ ಕಲ್ಲು ಎಷ್ಟು ದೂರ ಬರುತ್ತೆ ಅಂತ ನಾಲ್ಕು ದಿನಕ್ಕೆ ಅಂದಾಜು ಹಾಕಿಬಿಡ್ತವೆ. ರಷ್ಯಾದವರೂ ಕಲಿತರು. ಶಾಹೆದ್‌ಗಳನ್ನ ಎರಡು ಮೂರು ಕಿಲೋಮೀಟರ್ ಎತ್ತರಕ್ಕೆ ಏರಿಸಿದರು. ಮೆಷಿನ್ ಗನ್ ಗುಂಡು ಅಲ್ಲಿಗೆ ಮುಟ್ಟೋದಿಲ್ಲ. ಹತ್ತು ಇಪ್ಪತ್ತು ಬಿಡ್ತಿದ್ದವರು ನೂರು ಬಿಟ್ಟರು, ಇನ್ನೂರು ಬಿಟ್ಟರು. 2025ರ ಜುಲೈ 9ರಂದು ಒಂದೇ ರಾತ್ರಿ 728. ಸೆಪ್ಟೆಂಬರ್ 7ರಂದು 810! ಇವುಗಳ ನಡುವೆ ಆ ಫೋಮಿನ ಗೆರ್ಬೆರಾಗಳೂ ಬೆರೆತಿರ್ತವೆ. ಯಾವುದು ಅಸಲಿ, ಯಾವುದು ನಕಲಿ ಅಂತ ಕತ್ತಲಲ್ಲಿ ಹೇಗೆ ಹೇಳ್ತೀರಿ?

ಆ ಸೆಪ್ಟೆಂಬರ್ 7ರ ಲೆಕ್ಕ ಸ್ವಲ್ಪ ನಿಧಾನವಾಗಿ ಕೇಳಿ. ಉಕ್ರೇನ್ ವಾಯುಪಡೆಯೇ ಕೊಟ್ಟ ಲೆಕ್ಕ. ಬಂದದ್ದು 810 ಡ್ರೋನ್. ಹೊಡೆದು ಬೀಳಿಸಿದ್ದು ಅಥವಾ ಸಿಗ್ನಲ್ ಕೆಡಿಸಿ ದಾರಿ ತಪ್ಪಿಸಿದ್ದು 747. ನೂರಕ್ಕೆ 92. ನಮ್ಮ ಮಕ್ಕಳು ಪಿಯುಸಿಯಲ್ಲಿ 92 ತೆಗೆದ್ರೆ ಬೀದಿಗೆಲ್ಲ ಪೇಡೆ ಹಂಚ್ತೀವಿ. ಆದ್ರೆ ಉಳಿದ ಎಂಟು? 54 ಡ್ರೋನ್‌ಗಳು ಗುರಿ ಮುಟ್ಟಿದವು. ಕೀವ್ ನಗರದ ಮಧ್ಯದಲ್ಲಿರೋ ಮಂತ್ರಿಮಂಡಲದ ಕಟ್ಟಡಕ್ಕೆ ಈ ಯುದ್ಧದಲ್ಲಿ ಮೊದಲ ಸಲ ಬೆಂಕಿ ಬಿತ್ತು. ಅದೇ ರಾತ್ರಿ ಅದೇ ನಗರದಲ್ಲಿ ಒಂದು ಹಸುಗೂಸು ಸತ್ತುಹೋಯ್ತು.

ಆ ಕೂಸಿನ ಮನೆಯವರಿಗೆ ಹೋಗಿ ನಮ್ಮ ವಾಯುರಕ್ಷಣೆ ಶೇಕಡಾ 92 ಯಶಸ್ವಿ ಅಂತ ಹೇಳೋಕಾಗುತ್ತಾ? ಆಯುಧ ಮಾರುವವನು 92 ತೋರಿಸ್ತಾನೆ. ಸರ್ಕಾರ ನಡೆಸುವವನು ಉಳಿದ ಎಂಟನ್ನ ನೋಡಬೇಕು.

ಇನ್ನು ಮುಂಚೂಣಿಯಲ್ಲಿ ಏನಾಗ್ತಿದೆ? ಅಲ್ಲಿ ಈ ಗಾಡಿಗಳ ಪಾಡು ಇನ್ನೂ ಕಷ್ಟ. ರಷ್ಯಾದ ಲಾನ್ಸೆಟ್ ಅನ್ನೋ ಆತ್ಮಾಹುತಿ ಡ್ರೋನ್ ಹುಡುಕಿಕೊಂಡು ಬರೋದೇ ಉಕ್ರೇನಿನ ರೇಡಾರು, ಕ್ಷಿಪಣಿ ಗಾಡಿಗಳನ್ನ. ಅದರ ಜೊತೆ ಎಫ್‌ಪಿವಿ ಅಂತ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಓಡಿಸೋ ಚಿಕ್ಕ ಡ್ರೋನು. ಮೊದಲು ಜ್ಯಾಮರ್ ಹಾಕಿದ್ರೆ ಅವು ಬೀಳ್ತಿದ್ದವು. ಈಗ ಕೂದಲೆಳೆಯಷ್ಟು ತೆಳು ಫೈಬರ್ ತಂತಿ ಬಿಚ್ಚಿಕೊಂಡು ಹಾರ್ತವೆ. ಸಿಗ್ನಲ್ಲೇ ಇಲ್ಲ ಅಂದಮೇಲೆ ಏನನ್ನ ಜ್ಯಾಮ್ ಮಾಡ್ತೀರಿ? ಹಾಗಾಗಿ ಗಾಡಿಗೆ ಚಕ್ರ ಇದ್ದ ಮಾತ್ರಕ್ಕೆ ಅದು ಬದುಕೋದಿಲ್ಲ. ಹೊಡೆದ ಕೂಡಲೇ ಜಾಗ ಬಿಡಬೇಕು. ಮರದ ಕೆಳಗೆ ಅಡಗಬೇಕು. ಬಲೆ ಹೊದೆಯಬೇಕು. ಬೇಡದಿದ್ದಾಗ ರೇಡಾರ್ ಆರಿಸಿ ಸುಮ್ಮನಿರಬೇಕು. ಶತ್ರುವಿಗೆ ತಾನೆಲ್ಲಿದ್ದೀನಿ ಅಂತ ಗೊತ್ತಾಗದಿರೋದೇ ಅದಕ್ಕಿರೋ ಅತಿ ದೊಡ್ಡ ಕವಚ.

ರಷ್ಯಾದವರೂ ಇದೇ ಸಂಕಟದಲ್ಲಿದ್ದಾರೆ. 2023ರ ಜನವರಿಯಲ್ಲಿ ಮಾಸ್ಕೋದಲ್ಲಿ ರಕ್ಷಣಾ ಸಚಿವಾಲಯದ ತಾರಸಿ ಮೇಲೇ ಪಾಂಟ್ಸಿರ್ ಹತ್ತಿಸಿ ಕೂರಿಸಿದರು. 12 ಕ್ಷಿಪಣಿ ಸಾಲೋದಿಲ್ಲ ಅಂತ 48 ಪುಟ್ಟ ಕ್ಷಿಪಣಿ ಹಿಡಿಸೋ ಹೊಸ ಮಾದರಿ ಮಾಡಿದರು. ಆದ್ರೂ 2025ರ ಜೂನ್ 1ಕ್ಕೆ ಏನಾಯ್ತು? ಉಕ್ರೇನ್ 117 ಡ್ರೋನ್‌ಗಳನ್ನ ಲಾರಿಗಳಲ್ಲಿ ಅಡಗಿಸಿ ರಷ್ಯಾದ ಒಳಗೇ ಸಾಗಿಸಿ, ವಾಯುನೆಲೆಗಳ ಪಕ್ಕದಲ್ಲೇ ಲಾರಿಯ ಮುಚ್ಚಳ ತೆಗೆದು ಹಾರಿಸಿತು. ಗಡಿಯಲ್ಲಿ ಎಷ್ಟೇ ಗಾಡಿ ನಿಲ್ಲಿಸಿ, ಡ್ರೋನ್ ಹೆದ್ದಾರಿಯಲ್ಲಿ ಟೋಲ್ ಕಟ್ಟಿ ಬಂದ್ರೆ ಏನು ಮಾಡ್ತೀರಿ?

ಈಗ ನಮ್ಮ ಮನೆಗೆ ಬರೋಣ.

ನಮಗೆ ಮೊದಲ ಎಚ್ಚರಿಕೆ ಸಿಕ್ಕಿದ್ದು 2021ರ ಜೂನ್ 27ಕ್ಕೆ. ಜಮ್ಮು ವಾಯುಪಡೆ ನೆಲೆಯ ಮೇಲೆ ಡ್ರೋನ್ ಬಂದು ಎರಡು ಸಣ್ಣ ಬಾಂಬ್ ಹಾಕಿ ಹೋಯ್ತು. ಹಾನಿ ಕಮ್ಮಿ. ಆದ್ರೆ ಅದು ಬಾಗಿಲು ತಟ್ಟಿದ ಸದ್ದು. ನಾಲ್ಕು ವರ್ಷ ಕಳೆದು, 2025ರ ಮೇ 7ಕ್ಕೆ ಆಪರೇಷನ್ ಸಿಂಧೂರ. ಮರುದಿನ ರಾತ್ರಿ ಪಾಕಿಸ್ತಾನ ಲೇಹ್‌ನಿಂದ ಸರ್ ಕ್ರೀಕ್‌ವರೆಗೆ 36 ಕಡೆ 300ರಿಂದ 400 ಡ್ರೋನ್ ಬಿಟ್ಟಿತು ಅಂತ ನಮ್ಮ ಸೇನೆಯೇ ಹೇಳಿತು. ಹೇಳಿದವರು ಕರ್ನಲ್ ಸೋಫಿಯಾ ಖುರೇಷಿ, ನಮ್ಮ ಬೆಳಗಾವಿ ಜಿಲ್ಲೆಯ ಸೊಸೆ. ನಮ್ಮ ವಾಯುರಕ್ಷಣೆ ಎಲ್ಲಿದೆ, ಹೇಗಿದೆ ಅಂತ ಅಳತೆ ನೋಡೋದು ಅದರ ಒಂದು ಉದ್ದೇಶ ಅಂತಲೂ ಆ ದಿನ ಹೇಳಿದರು. ಕರಾಬಾಖ್‌ನ ಹಳೇ ವಿಮಾನದ ಕಥೆ ನೆನಪಿದೆಯಲ್ಲ? ಅದೇ ಆಟ.

ನಾವು ಎದುರು ನಿಂತದ್ದು ಯಾವುದರಿಂದ? ಎಸ್-400 ಹೆಸರು ಎಲ್ಲರ ಬಾಯಲ್ಲಿ ಬಂತು, ಬರಲಿ. ಆದ್ರೆ ಡ್ರೋನ್‌ಗಳ ಮುಂದೆ ರಾತ್ರಿಯಿಡೀ ಬೆವರು ಸುರಿಸಿದ್ದು ಮೂರು ಹಳೇ ಗನ್ನುಗಳು. ಒಂದು ಎಲ್-70, ಸ್ವೀಡನ್ನಿನ ಬೋಫೋರ್ಸ್ ಮೂಲದ 40 ಮಿಲಿಮೀಟರ್ ಗನ್, 1960ರ ದಶಕದಲ್ಲಿ ನಮ್ಮಲ್ಲಿಗೆ ಬಂದದ್ದು. ಇನ್ನೊಂದು ಝಡ್‌ಯು-23, ಜೋಡಿ ನಳಿಕೆಯದ್ದು. ಮೂರನೇದು ಶಿಲ್ಕಾ, ಟ್ಯಾಂಕಿನಂಥ ಗಾಡಿ ಮೇಲೆ ನಾಲ್ಕು ನಳಿಕೆ, ಅದರದ್ದೇ ರೇಡಾರು. ಎಲ್-70ಗೂ ಶಿಲ್ಕಾಗೂ ಹೊಸ ಕಣ್ಣು, ಹೊಸ ನರ ಕೊಟ್ಟು ಮತ್ತೆ ಹರೆಯ ತಂದದ್ದು ಬಿಇಎಲ್. 1954ರಲ್ಲಿ ನಮ್ಮ ಜಾಲಹಳ್ಳಿಯಲ್ಲಿ ಹುಟ್ಟಿದ ಭಾರತ್ ಎಲೆಕ್ಟ್ರಾನಿಕ್ಸ್. ಈ ಗನ್ನುಗಳನ್ನೆಲ್ಲ, ರೇಡಾರುಗಳನ್ನೆಲ್ಲ ಒಂದೇ ಪರದೆ ಮೇಲೆ ತಂದು, ಯಾರು ಯಾವುದನ್ನ ಹೊಡೀಬೇಕು ಅಂತ ಹೇಳೋ ವ್ಯವಸ್ಥೆ ಆಕಾಶತೀರ್. ಅದೂ ಬಿಇಎಲ್ ಮಾಡಿದ್ದೇ. 2023ರ ಮಾರ್ಚ್‌ನಲ್ಲಿ 1,982 ಕೋಟಿ ರೂಪಾಯಿಗೆ ಸಹಿ ಬಿದ್ದ ಗುತ್ತಿಗೆ.

ಲಿಬಿಯಾದ ಪಾಠ ಏನಾಗಿತ್ತು? ಒಂಟಿ ಗಾಡಿ ಸಾಯುತ್ತೆ, ಜಾಲದಲ್ಲಿರೋದು ಬದುಕುತ್ತೆ. ಮೇ ತಿಂಗಳಲ್ಲಿ ನಮ್ಮನ್ನ ಕಾಪಾಡಿದ್ದು ಆ ಜಾಲ. ಹಳೇ ಗನ್ನಿಗೆ ಹೊಸ ತಲೆ ಕೊಟ್ಟ ಎಂಜಿನಿಯರುಗಳು, ಆ ಗನ್ನಿನ ಹಿಂದೆ ನಿದ್ದೆಗೆಟ್ಟು ಕೂತ ಹುಡುಗರು.

ಹಾಗಂತ ಬೀಗಬೇಡಿ. ನಮಗೆ ಬಂದದ್ದು ಕೆಲವೇ ರಾತ್ರಿ, ಬಹುಪಾಲು ಚಿಕ್ಕ ಡ್ರೋನ್‌ಗಳು. ಉಕ್ರೇನಿಗೆ ಬರೋಕೆ ಶುರುವಾದದ್ದು 2022ರಲ್ಲಿ, 2025ರ ಹೊತ್ತಿಗೆ ರಾತ್ರಿಗೆ ನೂರಾರು. ಪಂಜಾಬಿನ ಫಿರೋಜ್‌ಪುರದ ಹಳ್ಳಿಯೊಂದರಲ್ಲಿ ಡ್ರೋನ್ ಮನೆ ಅಂಗಳಕ್ಕೆ ಬಿದ್ದು ಒಂದು ಸಂಸಾರವೇ ಸುಟ್ಟುಕೊಂಡಿತು, ಆ ಮನೆಯ ಹೆಣ್ಣುಮಗಳು ಕೆಲವು ದಿನಗಳಲ್ಲಿ ತೀರಿಕೊಂಡರು. ನಮ್ಮ ಪಾಲಿನ ಎಂಟು ಪರ್ಸೆಂಟ್ ಅದು. ಮೇ 7ರ ಅಣಕು ಕಾರ್ಯಾಚರಣೆಯ ಪಟ್ಟಿಯಲ್ಲಿ ಬೆಂಗಳೂರು, ಕಾರವಾರ, ರಾಯಚೂರು ಹೆಸರಿತ್ತಲ್ಲ? ಸೈರನ್ ಊದಿದ್ರೆ ಎಲ್ಲಿಗೆ ಹೋಗಬೇಕು ಅಂತ ಇವತ್ತು ಕೇಳಿದ್ರೆ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಈಗ ಕಡೇ ಮಾತು. ಇದು ನನ್ನ ಮೇಲೇ ನಾನು ಹೇಳಿಕೊಳ್ಳೋದು.

ಮೇ 8ರ ರಾತ್ರಿ ನಾನು ಇದೇ ಕುರ್ಚಿಯಲ್ಲಿ ಕೂತಿದ್ದೆ. ಹಿಂದೆ ಸೈರನ್ ಶಬ್ದ ಹಾಕಿದ್ವಿ. ಬಂದ ಬಂದ ಮೊಬೈಲ್ ವಿಡಿಯೋ ಎಲ್ಲ ಪರದೆಗೆ ಬಿಟ್ವಿ. ಅದರಲ್ಲೊಂದು, ಕತ್ತಲಲ್ಲಿ ಒಂದು ಗನ್ ಆಕಾಶಕ್ಕೆ ಕೆಂಪು ಗೆರೆ ಬಿಡ್ತಾ ಇರೋದು. ಹಿಂದೆ ಒಂದು ನೀರಿನ ಟ್ಯಾಂಕು, ಒಂದು ರಸ್ತೆ. ಊರಿನ ಹೆಸರನ್ನೂ ನಾನೇ ಓದಿದೆ. ನೋಡಿ ವೀಕ್ಷಕರೇ, ನಮ್ಮ ಸೇನೆಯ ಪರಾಕ್ರಮ ಅಂತ ಗಂಟಲು ಹರಿಯೋ ಹಾಗೆ ಕೂಗಿದೆ.

ಮರುದಿನ ಕಚೇರಿಗೆ ಒಂದು ಫೋನ್ ಬಂತು. ಉತ್ತರ ಕರ್ನಾಟಕದ ಒಬ್ಬ ತಾಯಿ. ಮಗ ಏರ್ ಡಿಫೆನ್ಸ್ ರೆಜಿಮೆಂಟಿನಲ್ಲಿ ಗನ್ನರ್ ಅಂತೆ. ಬಯ್ಯಲಿಲ್ಲ ಆಕೆ. ಕೇಳಿದ್ದು ಇಷ್ಟೇ: 'ಯಪ್ಪಾ, ನಿನ್ನೆ ನೀವು ಟಿವ್ಯಾಗ ತೋರಿಸಿದ್ರಲ್ಲ, ಆ ಗನ್ನು ನನ್ನ ಮಗಂದೈತೇನು? ಅಂವ ಎಲ್ಲದಾನಂತ ನಮಗೂ ಹೇಳಂಗಿಲ್ಲ, ಹೇಳಬಾರದಂತ. ನಿಮಗ ಹೆಂಗ ಗೊತ್ತಾತು?'

ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಇಷ್ಟು ಹೊತ್ತು ನಾನು ನಿಮಗೆ ಹೇಳಿದ್ದೇನು? ಗಾಡಿ ಎಲ್ಲಿದೆ ಅಂತ ಶತ್ರುವಿಗೆ ತಿಳಿದ್ರೆ ಗಾಡಿ ಸತ್ತಿತು ಅಂತ. ಅದನ್ನ ಕಂಡುಹಿಡಿಯೋಕೆ ಅಜರ್‌ಬೈಜಾನಿನವರು ಪೈಲಟ್ ಇಲ್ಲದ ವಿಮಾನ ಹಾರಿಸಬೇಕಾಯ್ತು. ಪಾಕಿಸ್ತಾನ ನೂರಾರು ಡ್ರೋನ್ ಬಿಡಬೇಕಾಯ್ತು. ಆ ರಾತ್ರಿ ನಮ್ಮ ಟಿವಿ ನೋಡಿದ್ದರೂ ಸಾಕಿತ್ತಲ್ಲ ಅಂತ ಆಮೇಲೆ ನನಗೆ ಅನ್ನಿಸ್ತು. ಸೇನಾ ಚಲನವಲನದ ನೇರಪ್ರಸಾರ ಬೇಡ ಅಂತ ಸರ್ಕಾರ ಅದಕ್ಕೂ ಮುಂಚೆಯೇ ಹೇಳಿತ್ತು. ಸೈರನ್ ಶಬ್ದ ಹಾಕಬೇಡಿ, ನಿಜವಾದ ಸೈರನ್ನಿಗೆ ಜನ ಎದ್ದೇಳದ ಹಾಗಾಗುತ್ತೆ ಅಂತ ಮೇ 10ಕ್ಕೆ ಇನ್ನೊಂದು ಸೂಚನೆ ಬಂತು. 26/11ರ ಮುಂಬೈಯಲ್ಲೇ ನಾವು ಈ ಪಾಠ ಕಲೀಬೇಕಿತ್ತು. ಕಲೀಲಿಲ್ಲ.

ಆದ್ದರಿಂದ ನಮ್ಮ ಸಂಪಾದಕೀಯ ಸಭೆಯಲ್ಲಿ ನಾನೊಂದು ಮಾತು ಕೊಟ್ಟಿದ್ದೀನಿ, ನಿಮ್ಮೆದುರೂ ಕೊಡ್ತೀನಿ. ಇನ್ನು ಮುಂದೆ ಈ ಕುರ್ಚಿಯಲ್ಲಿ ನಾನು ಕೂತಿರೋವರೆಗೂ, ಗುಂಡು ಹಾರಿಸ್ತಿರೋ ಗನ್ನಿನ ಜಾಗ ಹೇಳೋ ಯಾವ ದೃಶ್ಯವೂ ನನ್ನ ಕಾರ್ಯಕ್ರಮದಲ್ಲಿ ಬರೋದಿಲ್ಲ. ಬೇರೆ ಚಾನೆಲ್ ತೋರಿಸಿ ನಮಗಿಂತ ಮುಂದೆ ಹೋದ್ರೆ ಹೋಗಲಿ. ನೀವೂ ಅಷ್ಟೇ. ಸೇನೆಯ ಲಾರಿ ಹೋಗ್ತಾ ಇದ್ರೆ ಕೈ ಬೀಸಿ, ನಮಸ್ಕಾರ ಮಾಡಿ. ಮೊಬೈಲ್ ಮಾತ್ರ ಜೇಬಲ್ಲಿರಲಿ. ವಾಟ್ಸಾಪ್ ಗ್ರೂಪಿಗೆ ಬಂದ ವಿಡಿಯೋ ನಿಮ್ಮಲ್ಲೇ ನಿಲ್ಲಲಿ.

ಡ್ರೋನ್ ಹೊಡೆಯೋ ಗಾಡಿ ಕೆಲಸ ಮಾಡುತ್ತಾ ಅಂತ ಕೇಳಿಕೊಂಡು ಶುರುಮಾಡಿದ್ವಿ. ಮಾಡುತ್ತೆ ವೀಕ್ಷಕರೇ. ಜಾಲದಲ್ಲಿದ್ರೆ ಮಾಡುತ್ತೆ. ಅಗ್ಗದ ಗುಂಡು ಸ್ವಂತ ಕಾರ್ಖಾನೆಯಿಂದ ಬರ್ತಾ ಇದ್ರೆ ಮಾಡುತ್ತೆ. ಶತ್ರು ಕಲಿತಷ್ಟೂ ಅದೂ ಕಲೀತಾ ಹೋದ್ರೆ ಮಾಡುತ್ತೆ. ಮತ್ತೆ, ಅದು ಎಲ್ಲಿದೆ ಅಂತ ನಾವು ಊರಿಗೆಲ್ಲ ಸಾರದಿದ್ರೆ ಮಾಡುತ್ತೆ.

ಆ ತಾಯಿಯ ಮಗ ಕ್ಷೇಮವಾಗಿದ್ದಾನೆ. ಜೂನ್ ತಿಂಗಳಲ್ಲಿ ರಜೆಗೆ ಊರಿಗೆ ಬಂದಿದ್ದನಂತೆ. ಎಲ್ಲಿದ್ದ ಅಂತ ಈಗಲೂ ಹೇಳಿಲ್ಲವಂತೆ. ನಾನೂ ಕೇಳಲಿಲ್ಲ.